ಮುಂದಿನ ಟೈರಿನ ಒಳ ಅಂಚು

ಮೊನ್ನೆ ಬಬಲೇಶ್ವರಕ್ಕೆ ಹೊರಡುವ ಮುನ್ನ, ಇಳಕಲ್ ಸೀರೆ ಉಟ್ಟುಕೊಂಡೇ, ಕಾರಿನ ಮುಂದಿನ ಎಡ ಟೈರನ್ನು ಅಂಗೈಯಿಂದ ಸವರಿ ನೋಡಿದೆ. ಕೈಯೆಲ್ಲ ಕಪ್ಪಾಯಿತು, ರಬ್ಬರಿನ ವಾಸನೆ ಸೋಪಿಗೂ ಜಗ್ಗಲಿಲ್ಲ. ನಗಬೇಡಿ. ಮನೆ ಬಿಡುವಾಗ ಕೆಲವರು ಗ್ಯಾಸ್ ಬಂದ್ ಆಗಿದೆಯೇ ಎಂದು ಮತ್ತೆ ಮತ್ತೆ ನೋಡುವುದಿಲ್ಲವೇ, ನನ್ನದು ಈ ಚಟ. ಟೈರು ಸಮನಾಗಿ ಸವೆಯುತ್ತಿದ್ದರೆ ಕೈ ಹೇಗೆ ಆಡಿಸಿದರೂ ಒಂದೇ. ಗಾಲಿ ಓರೆಯಾಗಿದ್ದರೆ ಒಂದು ದಿಕ್ಕಿಗೆ ನುಣುಪು, ತಿರುಗಿ ಸವರಿದರೆ ಜೋಳದ ಎಲೆಯಂತೆ ಕೊರೆಯುತ್ತದೆ.

ಈ ವಿದ್ಯೆ ನನಗೆ ಬಂದದ್ದು ಅವಮಾನದಿಂದ. ಜಲನಗರದ ನಮ್ಮ ಮನೆಯಲ್ಲಿ ಮಾವನವರ ಹಳೆಯ ಕಾರಿದೆ. ನಾನು ತಿಕೋಟಾದ ಶಾಲೆಯಲ್ಲಿ ಮೇಷ್ಟ್ರಮ್ಮ. ಡ್ರೈವಿಂಗ್ ಕಲಿತು ಅದೇ ಕಾರಿನಲ್ಲಿ ಹೋಗಿಬರತೊಡಗಿದಾಗ, ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫು ಎಸೆಯುವ ಬಾಳು ಮುಗಿಯಿತೆಂದು ಹಿಗ್ಗಿದ್ದೆ. ಆ ಹಿಗ್ಗು ಬಹಳ ದಿನ ಬಾಳಲಿಲ್ಲ. ಎಡ ಟೈರಿನ ಒಳ ಅಂಚು ಬೋಳಾಯಿತು. ಹೊರ ಅಂಚು ಮಾತ್ರ ಹೊಸದರಂತೆಯೇ ಇತ್ತು.

ಬಬಲೇಶ್ವರದ ನಾದಿನಿಯ ಮನೆಯಲ್ಲಿ ಆಗ ತೊಟ್ಟಿಲ ಕಾರ್ಯಕ್ರಮ. ಬೀಗರು ತುಂಬಿದ್ದ ಪಡಸಾಲೆಯಲ್ಲಿ ಮಾವ ಅಂದರು, "ಇಷ್ಟ ವರ್ಷ ಗಾಡಿ ನಡಿಸೇನಿ, ಹಿಂಗ ಆಗಿದ್ದಿಲ್ಲ. ಸೊಸಿ ಕೈಗೆ ಕೊಟ್ಟೆ ನೋಡ್ರಿ, ಟೈರ್ ತಿಂದು ಕುಂತಾಳ!"

ಎಲ್ಲರೂ ನಕ್ಕರು, ನನ್ನ ಗಂಡನೂ. ನೆಲ ಬಾಯಿ ಬಿಡಬಾರದೇ ಅನಿಸಿತು. ಮರುದಿನವೇ ಕೀಲಿ ಗೂಟಕ್ಕೆ ಹಾಕಿ ಬಸ್ಸು ಹಿಡಿದೆ. ನನ್ನದೇ ತಪ್ಪು, ಎಲ್ಲೋ ತೆಗ್ಗಿಗೆ ಇಳಿಸಿರಬೇಕು ಅಂತ ನಂಬಿಯೂಬಿಟ್ಟೆ, ಹುಚ್ಚಿ.

ಹೊಸ ಟೈರು ಬಂತು. ನಾನು ಸ್ಟೇರಿಂಗ್ ಮುಟ್ಟಲೇ ಇಲ್ಲ. ಆದರೂ ಒಂದು ಬೆಳಿಗ್ಗೆ ಕಾರಿನ ಪಕ್ಕ ರಂಗೋಲಿ ಹಾಕಲು ಬಗ್ಗಿದವಳಿಗೆ ಕಂಡಿತು: ಮತ್ತೆ ಒಳ ಅಂಚೇ ಸವೆದಿದೆ. ಕೈಯಿಟ್ಟು ನೋಡಿದೆ, ಕೊರೆಯಿತು. ಹಾಗಾದರೆ ತಿನ್ನುತ್ತಿರುವವರು ಯಾರು?

ಉತ್ತರ ಅಮಾವಾಸ್ಯೆಯ ದಿನ ಸಿಕ್ಕಿತು. ಪ್ರತಿ ಅಮಾವಾಸ್ಯೆಗೂ ಗಾಡಿಗೆ ಪೂಜೆ, ಆಗ ಮುಖ ಪೂರ್ವಕ್ಕಿರಲೇಬೇಕೆಂದು ಮಾವನ ಹಟ. ನಮ್ಮ ಓಣಿ ಇಕ್ಕಟ್ಟು. ಅಲ್ಲಿ ಕಾರು ಪೂರ್ವಕ್ಕೆ ತಿರುಗಬೇಕಾದರೆ ನಮ್ಮ ಬಾಗಿಲಿಗೇ ಮೂತಿ ಇಡಬೇಕು. ಮೊದಲು ಅಲ್ಲಿ ನೆಲ ಸಪಾಟಾಗಿತ್ತು. ಗಟಾರದ ಮೇಲೆ ಎತ್ತರದ ಚಪ್ಪಡಿ ಬಂದದ್ದು ನಾನು ಡ್ರೈವಿಂಗ್ ಕಲಿತ ವರ್ಷವೇ. ಮಾವ ಸ್ಟೇರಿಂಗನ್ನು ಪೂರಾ ತಿರುವಿ, ಎಡ ಗಾಲಿಯನ್ನು ಚಪ್ಪಡಿಗೆ ಏರಿಸಿದರು, ಧಡ್! ಪೂಜೆ ಮುಗಿಸಿ, ಲಿಂಬೆಹಣ್ಣು ತುಳಿಸಿ ಇಳಿಸಿದರು, ಮತ್ತೆ ಧಡ್! ಆರತಿ ತಟ್ಟೆ ಹಿಡಿದ ನಾನು ಗಾಲಿಯನ್ನು ನೋಡಿದೆ. ನಾನು ನೋಡಿದ್ದನ್ನು ಮಾವ ನೋಡಿದರು.

ತಿಂಗಳಿಗೊಮ್ಮೆ ಬೀಳುವ ಆ ಏಟಿಗೇ ಗಾಲಿ ಓರೆಯಾಗುತ್ತಿತ್ತು. ಮಾವ ಅಲೈನ್‌ಮೆಂಟ್ ಮಾಡಿಸಿ ತಂದು, ಕೀಲಿಯನ್ನು ನನ್ನ ಊಟದ ಡಬ್ಬಿಯ ಮೇಲಿಟ್ಟರು. ಮುಂದಿನ ಅಮಾವಾಸ್ಯೆಯಿಂದ ಕಾರು ನಿಂತಲ್ಲೇ ಪೂಜೆ. ತಿಕೋಟಾಕ್ಕೆ ಮತ್ತೆ ನಾನೇ ನಡೆಸಿಕೊಂಡು ಹೋದೆ. ಆದರೆ ಬಬಲೇಶ್ವರದಲ್ಲಿ ಟೈರು ತಿಂದವಳೆಂಬ ಹೆಸರು ಹಾಗೆಯೇ ಉಳಿಯಿತಲ್ಲ! ಆ ಊರು ಹತ್ತಿರವಾದಂತೆ ಸ್ಟೇರಿಂಗು ಗಂಡನಿಗೆ ಕೊಟ್ಟು ಪಕ್ಕಕ್ಕೆ ಕೂರುತ್ತಿದ್ದೆ. ತಪ್ಪು ಮಾಡದವಳಿಗೆ ಇಷ್ಟೇಕೆ ನಾಚಿಕೆ ಎಂದು ನೀವು ಕೇಳಬಹುದು. ನನಗೂ ತಿಳಿಯದು.

ಮೊನ್ನೆ ಮಾವನ ಜೊತೆ ಹೋದಾಗಲೂ ಹಾಗೇ ಮಾಡಿದೆ. ಇಳಿದ ಮೇಲೆ ಕೀಲಿ ಮಾತ್ರ ನನ್ನ ಪರ್ಸಿಗೆ ಸೇರಿತ್ತು. ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೆದುರು ನಾದಿನಿ ಕೆಣಕಿದಳು, "ಏನ್ ವೈನಿ, ಈ ಸಲ ಯಾವ ಟೈರ್ ತಿಂದ್ರಿ?" ನಗು ಏಳುವಷ್ಟರಲ್ಲಿ ಮಾವ ಚಹಾದ ಕಪ್ಪು ಕೆಳಗಿಟ್ಟರು.

"ಟೈರ್ ತಿಂದಾಂವ ನಾ. ಪೂಜಿಗಂತ ಕಲ್ಲಿಗೆ ಏರಸ್ತಿದ್ದೆ. ಆಕೀದೇನೂ ತಪ್ಪಿಲ್ಲ. ಗೊತ್ತಾದ ಮ್ಯಾಲೂ ನಾಚಿಕಿಗೆ ಬಾಯಿ ಮುಚ್ಚಿಕೊಂಡ ಕುಂತಿದ್ದೆ."

ಈ ಮಾತಿಗೆ ಎಷ್ಟು ಕಾದಿದ್ದೆ! ಬಂದಾಗ ಮಾತ್ರ ಸುಖವಾಗಲಿಲ್ಲ. ಹಿರಿಯರ ದನಿ ನಡುಗಿದ್ದು ಕೇಳಿ ನಾನೇ ನಾಚಿ, ರೂಢಿಯಂತೆ ತಲೆ ತಗ್ಗಿಸಿಬಿಟ್ಟೆ.

"ನಡಿ ಯವ್ವಾ, ಹೊತ್ತಾತು. ಗಾಡಿ ತಗಿ," ಅಂದರು ಮಾವ.

ಗಂಡ ಕೀಲಿಗೆ ಕೈ ಚಾಚಿದರು. ಕೊಡಲಿಲ್ಲ. ಕಳಿಸಲು ಎಲ್ಲರೂ ಬಾಗಿಲಿಗೆ ಬಂದಿದ್ದರು. ಸ್ಟೇರಿಂಗ್ ಹಿಡಿದು ಕುಳಿತೆ. ತಲೆ ತಗ್ಗಿಸಿಕೊಂಡು ಕಾರು ನಡೆಸಲಾಗುವುದಿಲ್ಲವಲ್ಲ, ಎತ್ತಿದೆ.