ಟೈಪಿಂಗ್ ಪರೀಕ್ಷಾದಾಗ ಅವ್ವನ ಬೀಸೂ ಪದ

೧೯೬೬ನೇ ಇಸ್ವಿ, ದೀಪಾವಳಿ ಮುಗದು ಹದಿನೈದು ದಿನ ಆಗಿತ್ತು. ನಾವು ಧಾರವಾಡದವ್ರು. ನಮ್ಮಣ್ಣಗ ರೇಲ್ವೆದಾಗ ನೌಕರಿ, ಬಡೋದಾಕ್ಕ ವರ್ಗ ಆಗಿತ್ತು. ನಾನೂ ಅಣ್ಣ-ವೈನಿ ಜೋಡಿ ಅಲ್ಲೇ ಇದ್ದೆ, ಒಂದು ಸರ್ಕಾರಿ ಆಫೀಸಿನಾಗ ಟೆಂಪರರಿ ಕ್ಲಾರ್ಕ್ ಆಗಿದ್ದೆ. ಖಾಯಂ ಆಗ್ಬೇಕಂದ್ರ ಇಂಗ್ಲಿಷ್ ಟೈಪಿಂಗ್ ಪರೀಕ್ಷಾ ಪಾಸಾಗ್ಬೇಕು. ಎರಡು ಸಲ ಫೇಲಾಗಿದ್ದೆ. ಮೂರನೇದ್ದ ಕಡೀದು.

ಅಣ್ಣ ಖಡಕ್ಕಾಗಿ ಹೇಳಿಬಿಟ್ಟಿದ್ದ. "ಸುಮಿ, ಈ ಸಲನೂ ಗೋತಾ ಹೊಡದ್ರ ನೌಕರಿನೂ ಹೋತು, ಬಡೋದಾನೂ ಮುಗೀತು. ಸೀದಾ ಧಾರವಾಡದ ಗಾಡಿ ಹತ್ತಸ್ತೀನಿ ನೋಡು."

ನಂಗ ಆ ನೌಕರಿ ಅಂದ್ರ ಜೀವ! ಟೈಪಿಂಗ್ ಕ್ಲಾಸಿಗೆ ಹೋದಾಕಿ ಅಲ್ಲ ನಾನು. ಅಣ್ಣ ಹಳೇ ಸಾಮಾನಿನ ಬಜಾರದಾಗಿಂದ ಒಂದು ಮಷೀನ್ ತಂದಿದ್ದ, ಬೆರಳಿನ ನಕ್ಷಾ ಇದ್ದ ಒಂದು ಪುಸ್ತಕ ಮುಂದಿಟ್ಕೊಂಡು ನಾನ ಕಲ್ತೆ. ಮನ್ಯಾಗ ಕೈ ಛಲೋ ಓಡ್ತಿತ್ತು. ಪರೀಕ್ಷಾ ಅಂದ ಕೂಡ್ಲೆ ಬೆರಳು ಗಡಿಬಿಡಿ ಮಾಡಿ ಎರಡೆರಡು ಅಕ್ಷರದ ಕಡ್ಡಿ ಒಮ್ಮೆಗೇ ಎದ್ದು ಒಂದಕ್ಕೊಂದು ಸಿಕ್ಕೊಂಡು ಕೂಡ್ತಿದ್ವು.

ಅದಕ್ಕ ನಾನ ಒಂದು ಉಪಾಯ ಹುಡುಕಿದೆ: ಹಾಡು! ಮೊದ್ಲು ರೇಡಿಯೋದಾಗಿನ ಸಿನೆಮಾ ಹಾಡು ಹಚ್ಚಿ ಹೊಡದ್ನಿ. ಕೈ ಕುದರಿಗತೆ ಓಡ್ತು, ತಪ್ಪೂ ಹಂಗ ಓಡಿದ್ವು. ದುಃಖದ ಹಾಡು ಹಚ್ಚಿದ್ರ ಕೈ ನಿದ್ದಿ ಮಾಡ್ತು. ಒಂದು ರವಿವಾರ ಗೊತ್ತಿಲ್ದನ ಅವ್ವನ ಬೀಸೂ ಪದ ಬಾಯಾಗ ಬಂತು. ಜ್ವಾಳಾ ಬೀಸೂವಾಗ ಅವ್ವ ತಾನ ಕಟ್ಟಿ ಹಾಡ್ತಿದ್ಲು. ಆಮೇಲೆ ನೋಡ್ತೀನಿ, ಇಡೀ ಪುಟದಾಗ ಒಂದೇ ತಪ್ಪು!

ಯಾಕ ಗೊತ್ತದ ಏನು? ಬೀಸೂವಾಗ ಒಂದು ನುಡಿ ಮುಗದ ಕೂಡ್ಲೆ ಸ್ವಲ್ಪ ತಡದು, ಎಡಗೈಲೆ ಒಂದು ಹಿಡಿ ಜ್ವಾಳ ಕಲ್ಲಿನ ಬಾಯಿಗೆ ಹಾಕ್ತಾರ. ಟೈಪಿನಾಗೂ ಸಾಲು ಮುಗಿಯೂವಾಗ 'ಟಿಂಗ್' ಅಂತ ಗಂಟಿ ಬಡೀತದ, ಎಡಗೈಲೆ ಮಷೀನಿನ ಹಿಡಿಕಿ ದೂಡಿ ಹೊಸಾ ಸಾಲಿಗೆ ಬರ್ಬೇಕು. ಒಂದು ನುಡಿ, ಒಂದು ಸಾಲು. ಒಂದು ಹಿಡಿ ಜ್ವಾಳ, ಒಂದು ಟಿಂಗ್! ನಾ ಕುಣದಾಡಿಬಿಟ್ಟೆ. ವೈನಿ ಅಡಗಿಮನ್ಯಾಗಿಂದ, "ಸುಮಿ, ಹಿಟ್ಟು ಎಷ್ಟು ಬಿತ್ತವಾ? ಸಂಜಿಗೆ ರೊಟ್ಟಿಗೆ ಸಾಲ್ತದೋ ಇಲ್ಲೋ?" ಅಂತ ಕಾಡ್ಸಿದ್ರು.

ಪರೀಕ್ಷಾ ಅಹಮದಾಬಾದಿನಾಗ. ಅವರವರ ಮಷೀನ್ ಅವರೇ ತರ್ಬೇಕು. ಅಣ್ಣ ರಜಾ ಹಾಕಿ ಬಂದ. ಗಾಡ್ಯಾಗ ಅಲುಗಾಡಬಾರ್ದು ಅಂತ ಮಷೀನಿಗೆ ಗೋಣಿಚೀಲಾ ಸುತ್ತಿ, ಮ್ಯಾಲೆ ಹಗ್ಗಾ ಬಿಗದ. ಎಂಥಾ ಬಿಗಿ ಅಂತೀರಿ! ಪರೀಕ್ಷಾ ಹಾಲಿನಾಗ ಬಿಚ್ಚಿ ಒಂದು ಸಾಲು ಹೊಡದು ನೋಡ್ತೀನಿ, ಗಂಟಿ ಬಡೀಲೇ ಇಲ್ಲ. ಹಗ್ಗದ ಬಿಗೀಗೆ ಗಂಟಿ ಬಡಿಯೂ ಸಣ್ಣ ಕಡ್ಡಿ ಸೊಟ್ಟ ಆಗಿತ್ತು. ಅಣ್ಣ ಹೊರಗ ಗೇಟಿನ ಹತ್ರ. ಹೇಳೂದಾದ್ರೂ ಯಾರಿಗೆ? ಅಷ್ಟ್ರಾಗ "ಸ್ಟಾರ್ಟ್" ಅಂದ್ರು.

ಮೂವತ್ತು ಮಷೀನ್ ಒಮ್ಮೆಲೇ ಗದ್ಲಾ ಚಾಲೂ ಮಾಡಿದ್ವು. ಕಣ್ಣು ಪ್ರಶ್ನೆ ಕಾಗದದ ಮ್ಯಾಲೆ ಇರ್ಬೇಕು, ಸಾಲು ಎಲ್ಲಿ ಮುಗೀತು ಅಂತ ಹಣಿಕಿ ನೋಡಿದ್ರ ಹೊತ್ತು ಹೋಗ್ತದ. ಬಾಜೂದಾಕಿ ಗಂಟಿ 'ಟಿಂಗ್' ಅಂದದ್ದಕ್ಕ ನಾ ಅರ್ಧಾ ಸಾಲಿಗೇ ಹಿಡಿಕಿ ದೂಡಿಬಿಟ್ಟೆ! ಕಣ್ಣಾಗ ನೀರು ಬಂತು. ಧಾರವಾಡದ ಗಾಡಿ ಸೀಟಿ ಊದಿದಂಗ ಆತು.

ಮನಸಿನಾಗ ಪದ ಹಾಡ್ಲಿಕ್ಕೆ ನೋಡಿದೆ. ಆ ಗದ್ಲದಾಗ ನಂಗ ಕೇಳ್ಸಲಿಲ್ಲ. ಹೋಗ್ಲಿ ಅತ್ಲಾಗ ಅಂತ ಬಾಯಿಬಿಟ್ಟು ಹಾಡಿದೆ! ಮೊದಲ್ನೇ ನುಡಿ ಮುಗೀತು, ಹಿಡಿಕಿ ದೂಡಿದೆ. ಎರಡನೇದ್ದು, ದೂಡಿದೆ. ಕೈ ಹಾದಿಗೆ ಬಂತು!

ಹಿಂದ ಕೂತ ಒಬ್ಬ ಹುಡುಗ ಹಿಂದಿಯೊಳಗ ಚೀರಿದ. "ಸಾಹೇಬ್, ಈಕಿ ಹಾಡ್ಲಿಕತ್ತಾಳ!"

ಪರೀಕ್ಷಾ ನೋಡ್ಕೊಳ್ಳೂ ಸಾಹೇಬ್ರು, ಕರೀ ಟೊಪಗಿ ಹಾಕ್ಕೊಂಡ ವಯಸ್ಸಾದ ಗುಜರಾತಿ ಮನಶ್ಯಾ, ನನ್ನ ಬೆನ್ನ ಹಿಂದ ಬಂದು ನಿಂತ್ರು. ಮುಗೀತು, ಎಬ್ಬಸ್ತಾರ ಅಂದ್ಕೊಂಡೆ. ಆದ್ರೂ ಬಾಯಿ ನಿಲ್ಲಿಸ್ಲಿಲ್ಲ, ನಿಲ್ಸಿದ್ರ ಕೈ ನಿಲ್ತದಲ್ಲ!

ಅವ್ರು ಆ ಹುಡುಗಗ ಅಂದ್ರು, "ದೇವರ ಹೆಸರು ತಗೊಳ್ಳಿಕತ್ತಾಳಪಾ, ತಗೊಳ್ಳಿ. ನೀನೂ ತಗೋ, ಇಲ್ಲಾ ಸುಮ್ನ ಟೈಪ್ ಮಾಡು."

ದೇವರ ಹೆಸರು! ನಾ ಹಾಡ್ಲಿಕತ್ತಿದ್ದದ್ದು ಅವ್ವ ತನ್ನ ಅತ್ತಿನ, ಅಂದ್ರ ನಮ್ಮಜ್ಜಿನ, ಬೈಯೂ ಪದ! ಅತ್ತಿ ರೊಟ್ಟಿ ಬುಟ್ಟಿಗೆ ಕೀಲಿ ಹಾಕ್ಕೊಂಡು ಬಾಗಲ್ದಾಗ ಕೂತಾಳ ಅನ್ನೂ ನುಡಿ ಆವಾಗ ನಡದಿತ್ತು. ಹೊಟ್ಟ್ಯಾಗಿಂದ ನಗು ಉಕ್ಕಿ ಬಂತು. ನಕ್ಕ್ರ ಕೆಟ್ಟೆ! ಹಲ್ಲು ಕಚ್ಕೊಂಡು, ಅತ್ತಿನ ಇನ್ನಷ್ಟು ಜೋರಾಗಿ ಬೈಕೋತ ಪರೀಕ್ಷಾದ ಹತ್ತೂ ನಿಮಿಷ ಮುಗಿಸ್ದೆ.

ಕಾಗದ ತಗೊಳ್ಳಿಕ್ಕೆ ಬಂದಾಗ ಸಾಹೇಬ್ರು ಗುಜರಾತಿಯೊಳಗ ತಂಗಿ ಅಂತ ಕರದು ಕೇಳಿದ್ರು, "ಬೆನ್, ಯಾವ ದೇವರ ಭಜನ್ ಅದು?"

ಸುಳ್ಳು ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನನ್ನ ಹರಕ ಮುರಕ ಹಿಂದ್ಯಾಗ ಇದ್ದದ್ದು ಇದ್ದಂಗ ಹೇಳಿದೆ. ಗಂಟಿ ಕೆಟ್ಟದ್ದು, ನುಡಿಗೊಂದು ಸಾಲು, ಕಡೀಕ ಅತ್ತಿ ಸುದ್ದಿನೂ. ಅವ್ರು ಮಷೀನ್ ತಿರಿಗಿಸಿ ಸೊಟ್ಟ ಕಡ್ಡಿ ನೋಡಿದ್ರು, ಕಾಗದದ ಬಲಗಡೆ ಅಂಚಿಗೆ ಫೂಟ್‌ಪಟ್ಟಿ ಇಟ್ಟು ನೋಡಿದ್ರು. ಮೊದಲ್ನೇ ಸಾಲೊಂದು ಬಿಟ್ಟು ಎಲ್ಲಾ ಸಾಲೂ ಒಂದಕ್ಕೊಂದು ಹತ್ರ ಹತ್ರ ಮುಗದಿದ್ವು! ಟೊಪಗಿ ಜಾರೂವಷ್ಟು ನಕ್ಕ್ರು. ಆಮೇಲೆ ದನಿ ಸಣ್ಣ ಮಾಡಿ, "ಈ ಹಾಡು ನಮ್ಮನೀ ಕಡೆ ಮಾತ್ರ ಹಾಡ್ಬ್ಯಾಡ. ನಮ್ಮವ್ವ, ನನ್ನ ಹೇಂತಿ, ಇಬ್ರೂ ಮನ್ಯಾಗ ಅದಾರ" ಅಂದ್ರು.

ಒಂದೂವರೆ ತಿಂಗಳಿಗೆ ಆಫೀಸಿಗೆ ಕಾಗದ ಬಂತು. ಪಾಸ್! ನಾ ಮನೀಗೆ ಓಡಿ ಬಂದ ರೀತಿಗೆ ಕ್ವಾರ್ಟರ್ಸಿನ ಮಂದಿ ಏನೋ ಅನಾಹುತ ಆಗೇದ ಅಂದ್ಕೊಂಡ್ರು. ಅಣ್ಣ ಕಾಗದ ಎರಡು ಸಲ ಓದಿ, "ಹಗ್ಗಾ ನಾ ಬಿಗದಿದ್ನೆಪಾ, ಪಾಸಾಗೂದ್ರಾಗ ನಂದೂ ಪಾಲದ" ಅಂದ. ವೈನಿ ಲಟ್ಟಣಗಿ ತೋರ್ಸಿದ್ರು.

ಅವ್ವಗ ಎಲ್ಲಾ ಬರದೆ. ಆಕಿ ಉತ್ತರ ಬಂತು. "ಛಲೋ ಆತವಾ. ಆದ್ರ ಯಾವ ಪದ ಹಾಡ್ದಿ ಅಂತ ಇನ್ನೊಮ್ಮೆ ಬರೀಬ್ಯಾಡ. ನಿನ್ನ ಕಾಗದ ಓದ್ಸೂವಾಗ ನಿಮ್ಮಜ್ಜಿ ಮುಂದನ ಕೂತಿದ್ರು."

ಈಗ ನಾ ಖಾಯಂ. ಆದ್ರೂ ನಮ್ಮ ಆಫೀಸಿನ ಸಾಹೇಬ್ರು ಅರ್ಜೆಂಟ್ ಕಾಗದ ತಂದು ಟೇಬಲ್ ಮುಂದ ನಿಂತ್ರ ಎದಿ ಡವಡವ ಅಂತದ. ಹಾಡಿದ್ರ ಅಂಜಿಕಿ ಓಡಿಹೋಗ್ತದ ಅಂತ ಸುಳ್ಳು ಹೇಳೂದಿಲ್ಲ, ನನ್ನ ಅಂಜಿಕಿ ಎಲ್ಲೂ ಹೋಗಿಲ್ಲ. ಆದ್ರ ಪದ ಚಾಲೂ ಆತಂದ್ರ ಅದೂ ನನ್ನ ಬಾಜೂಕ ಕೂತು ತಾಳಾ ಹಾಕ್ತದ. ಹಾಕ್ಲಿ ಬಿಡ್ರಿ, ನನ್ನ ಕೈಯಂತೂ ನಡದಿರ್ತದ!