ಚೆಂಡುಹೂವು ಬೆಂದ ಮಧ್ಯಾಹ್ನ

ನನ್ನ ಗಂಡ ಓಡಿಸುವುದು ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಲಾರಿ. ಹಿಂದೆ ಕ್ರೇನು, ಮುಂದೆ ಹಳೇ ಡೀಸೆಲ್ ಇಂಜಿನ್ನು. ನಾನು ಶಿವಾಜಿನಗರದಲ್ಲಿ ಹೂ ಮಾರುವವಳು. ಮನೆ ಹಲಸೂರಿನಲ್ಲಿ, ಒಂದೇ ಕೋಣೆ. ಅವರ ಬಟ್ಟೆಯ ಡೀಸೆಲ್ ವಾಸನೆ, ನನ್ನ ಬುಟ್ಟಿಯ ಹೂವಿನ ವಾಸನೆ ಎರಡೂ ಆ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಸಂಸಾರ ಮಾಡಿಕೊಂಡಿವೆ.

ಭಾರ ಎಳೆಯುವುದು ದೊಡ್ಡ ವಿದ್ಯೆಯೇನಲ್ಲ, ಎಳೆಯುವಾಗ ಗಾಡಿಯನ್ನು ತಣ್ಣಗೆ ಇಟ್ಟುಕೊಳ್ಳುವುದೇ ವಿದ್ಯೆ ಅಂತ ಅವರು ಯಾವಾಗಲೂ ಹೇಳುತ್ತಾರೆ. ದೊಡ್ಡ ಗೇರಿನಲ್ಲಿ ಉಸಿರುಗಟ್ಟಿಸಿ ಏರು ಹತ್ತಿಸಬಾರದು. ಚಿಕ್ಕ ಗೇರಿಗೆ ಇಳಿಸಿ ಇಂಜಿನ್ನನ್ನು ಚುರುಕಾಗಿ ತಿರುಗಲು ಬಿಟ್ಟರೆ ಫ್ಯಾನು ಜೋರಾಗಿ ಬೀಸುತ್ತದೆ, ನೀರು ಚೆನ್ನಾಗಿ ಓಡಾಡುತ್ತದೆ, ಗೇರ್ ಬಾಕ್ಸಿಗೂ ತ್ರಾಸವಾಗುವುದಿಲ್ಲ. ನಿಲ್ಲಿಸಿದ ಕೂಡಲೇ ಇಂಜಿನ್ ಆರಿಸಬಾರದು, ಓಡಿ ಬಂದವನಿಗೆ ಉಸಿರಾಡಲು ಹೊತ್ತು ಕೊಟ್ಟ ಹಾಗೆ ಸ್ವಲ್ಪ ಹೊತ್ತು ಸುಮ್ಮನೆ ತಿರುಗಲು ಬಿಡಬೇಕು. ಇದನ್ನೆಲ್ಲ ನಾನು ಊಟ ಬಡಿಸುತ್ತಾ ಬಡಿಸುತ್ತಾ ಕಲಿತೆ. ನನಗೆ ಲೈಸೆನ್ಸ್ ಒಂದು ಇಲ್ಲ, ಅಷ್ಟೇ.

ಇವೆಲ್ಲಕ್ಕೂ ಮೇಲೆ ಅವರ ಮೂಗು. ಅವರ ಲಾರಿಯಲ್ಲಿ ಶಾಖ ತೋರಿಸುವ ಮೀಟರಿನ ಮುಳ್ಳು ಸತ್ತು ಎಷ್ಟೋ ವರ್ಷವಾಗಿತ್ತು. ಲಾರಿ ಶೆಡ್ಡಿನ ಯಜಮಾನರು ಹೊಸದು ಹಾಕಿಸುತ್ತೇನೆ ಅಂದಾಗಲೆಲ್ಲ ಇವರು ನಗುತ್ತಿದ್ದರು. "ಮೀಟರಿಗೆ ಗೊತ್ತಾಗೋ ಹೊತ್ತಿಗೆ ನನ್ನ ಮೂಗಿಗೆ ಗೊತ್ತಾಗಿ ಒಂದು ಬೀಡಿ ಸೇದಿ ಮುಗಿದಿರುತ್ತೆ." ಕ್ಲಚ್ ಸುಟ್ಟರೆ ಕೂದಲು ಸುಟ್ಟ ವಾಸನೆ. ಗೇರ್ ಆಯಿಲ್ ಕಾದರೆ ಕೊಳೆತ ಈರುಳ್ಳಿ. ರೇಡಿಯೇಟರಿನ ನೀರು ಉಕ್ಕಲು ಹೊರಟರೆ ಬೆಲ್ಲದ ಪಾಕದ ಹಾಗೆ ಸಿಹಿ. ಕೆ.ಆರ್.ಪುರದಿಂದ ಶಿವಾಜಿನಗರದವರೆಗೆ ಈ ಕಸುಬಿನವರೆಲ್ಲ ಅವರ ಮೂಗಿನ ಬಗ್ಗೆ ಮಾತಾಡುತ್ತಿದ್ದರು. ನನಗೂ ಒಳಗೊಳಗೇ ಜಂಬ.

ಜಂಬ ನನ್ನ ಹೂವಿನ ಬಗ್ಗೆಯೂ ಕಡಿಮೆ ಇರಲಿಲ್ಲ. ಹೋದ ಆಯುಧಪೂಜೆಗೆ ಲಾರಿಗೆ ನಾನೇ ಹಾರ ಕಟ್ಟಿದೆ. ಚೆಂಡುಹೂವು, ಸೇವಂತಿಗೆ, ನಡುನಡುವೆ ಸುಗಂಧರಾಜ. ಒಂದು ಸುತ್ತು ಸಾಲದು ಅನ್ನಿಸಿ ಎರಡು, ಎರಡು ಸಾಲದೆ ಮೂರು. ಮುಂದಿನ ಜಾಲರಿಯ ಒಂದು ಕಂಬಿಯೂ ಕಾಣದ ಹಾಗೆ ಮುಚ್ಚಿಬಿಟ್ಟೆ. ಎರಡೂ ಬದಿಗೆ ಬಾಳೆಕಂದು. ಕುಂಬಳಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಲಾರಿಯನ್ನು ನಾಲ್ಕು ಹೆಜ್ಜೆ ಮುಂದಕ್ಕೆ ಬಿಟ್ಟಾಗ ಶೆಡ್ಡಿನವರೆಲ್ಲ ಮದುವಣಗಿತ್ತಿ ಅಂದರು. ಪೂಜೆಯ ಹಾರವನ್ನು ಕೈಯಾರೆ ಬಿಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಅದು ತಾನಾಗಿ ಬಾಡಿ ಬೀಳಬೇಕು.

ಮಾರನೇ ದಿನ ವಿಜಯದಶಮಿ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಯಜಮಾನರ ಫೋನು. ಮಹದೇವಪುರದಲ್ಲಿ ಒಂದು ಟೂರಿಸ್ಟ್ ಬಸ್ಸು ಕೆಟ್ಟು ನಿಂತಿದೆ, ಹಲಸೂರಿನ ಶೆಡ್ಡಿಗೆ ಎಳೆದು ತರಬೇಕು. ಜೊತೆಗೆ ಕೂರುವ ಕ್ರೇನ್ ಆಪರೇಟರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಎಡಗಡೆ ಕೂತು ಹಿಂದೆ ನೋಡುವವರು ಒಬ್ಬರು ಬೇಕು.

"ನಾನೇ ಬರ್ತೀನಿ, ನಡೀರಿ" ಅಂದೆ.

ಅವರು ಒಂದು ಕ್ಷಣ ಅನುಮಾನಿಸಿದರು. ಹೆಂಗಸು ಅಂತ ಅನುಮಾನಿಸುತ್ತಿದ್ದಾರೆ ಅಂದುಕೊಂಡು ನನಗೆ ಸಿಟ್ಟು ಬಂತು. ಚಪ್ಪಲಿ ಹಾಕಿಕೊಂಡು ಅವರಿಗಿಂತ ಮುಂಚೆ ಬೀದಿಗೆ ಇಳಿದೆ.

ಬಸ್ಸಿನ ಡ್ರೈವರು ಕೀಲಿ ನಮ್ಮ ಕೈಗೆ ಕೊಟ್ಟು, ಪ್ರಯಾಣಿಕರ ಜೊತೆ ಬೇರೆ ಗಾಡಿ ಹತ್ತಿ ಹೋದ. ಇವರು ಬಸ್ಸಿನ ಕೆಳಗೆ ತೂರಿ, ಅದರ ಗೇರ್ ಬಾಕ್ಸು ಸುಮ್ಮನೆ ತಿರುಗದಿರಲಿ ಅಂತ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಬಿಚ್ಚಿದರು. ಮುಂದಿನ ಚಕ್ರಗಳನ್ನು ಕ್ರೇನಿನಿಂದ ಎತ್ತಿ ಸರಪಳಿ ಬಿಗಿದರು. ಅಷ್ಟು ದೊಡ್ಡ ಬಸ್ಸು ಮೂತಿ ಎತ್ತಿಕೊಂಡು ನಮ್ಮ ಹಿಂದೆ ಹೊರಟಿತು.

ಹಬ್ಬದ ಮಧ್ಯಾಹ್ನ. ಯಾವಾಗಲೂ ಹೆಜ್ಜೆ ಇಡಲು ಜಾಗವಿಲ್ಲದ ಆ ರಿಂಗ್ ರೋಡು ಯಾರೋ ಗುಡಿಸಿಟ್ಟ ಅಂಗಳದಂತೆ ಬರಿದಾಗಿತ್ತು. ಗಾಜಿನ ಕಟ್ಟಡಗಳ ಮೇಲೆ ಬಿಸಿಲು ನಿಧಾನಕ್ಕೆ ಸರಿಯುತ್ತಿತ್ತು. ಲಾರಿ ಚಿಕ್ಕ ಗೇರಿನಲ್ಲಿ ಒಂದೇ ಸಮನೆ ಗುನುಗುತ್ತಾ, ನಡೆಯುವವರಿಗಿಂತ ಸ್ವಲ್ಪ ಜೋರಾಗಿ ಸಾಗುತ್ತಿತ್ತು. ಇಂಜಿನ್ನಿನ ಮುಚ್ಚಳ ನಮ್ಮಿಬ್ಬರ ನಡುವೆಯೇ. ಅದರ ಮೇಲೆ ಹಾಸಿದ ಕಂಬಳಿಯ ಮೇಲೆ ಅವರ ಒಂದು ಕೈ, ನನ್ನ ಒಂದು ಕೈ. ಕಾಲಿನ ಕೆಳಗಿನ ತಗಡು ನಡುಗಿ ನಡುಗಿ ನನಗೆ ಜೋಂಪು ಹತ್ತಿತು. ಬಸ್ಸನ್ನು ಎಳೆಯುತ್ತಿದ್ದೇವೋ, ಬಸ್ಸೇ ನಮ್ಮನ್ನು ತೇಲಿಸಿಕೊಂಡು ಹೋಗುತ್ತಿದೆಯೋ ತಿಳಿಯದಂಥ ಹೊತ್ತು.

ಆಗ ವಾಸನೆ ಬರತೊಡಗಿತು. ಮೊದಲು ಸುಗಂಧರಾಜ, ಬಾಗಿಲು ಮುಚ್ಚಿದ ಗರ್ಭಗುಡಿಯಲ್ಲಿ ಬರುವಂಥ ದಟ್ಟ ವಾಸನೆ. ಅದರ ಹಿಂದೆ ಸೇವಂತಿಗೆಯ ಕಹಿ. ಅದರೊಳಗೆಲ್ಲೋ ಒಂದು ಸಿಹಿ. ನನ್ನ ಜನ್ಮದಲ್ಲಿ ನನ್ನ ಹೂವು ಅಷ್ಟು ಚೆನ್ನಾಗಿ ಘಮಘಮಿಸಿದ್ದು ನಾನು ಕಾಣೆ. ಕಣ್ಣು ಮುಚ್ಚಿಕೊಂಡು ಆಳವಾಗಿ ಎಳೆದುಕೊಂಡೆ. ದೇವಿ ಒಪ್ಪಿಕೊಂಡಳು ಅಂತಲೇ ಅನ್ನಿಸಿತು.

"ಎಷ್ಟು ಚೆನ್ನಾಗಿ ವಾಸನೆ ಬರ್ತಿದೆ ನೋಡ್ರಿ. ಪಾಯಸ ಕುದಿಸಿದ ಹಾಗೆ."

"ಹೂಂ. ನೀನು ಕಟ್ಟಿದ್ದಲ್ವಾ" ಅಂದರು.

ಕೆ.ಆರ್.ಪುರದ ತೂಗುಸೇತುವೆಯ ಏರು ಬಂತು. ಕೆಳಗೆ ರೈಲು ಹಳಿ, ಮೇಲೆ ತಂತಿಗಳು, ಮಧ್ಯೆ ನಾವು ಇರುವೆಯ ಹಾಗೆ ಹತ್ತುತ್ತಿದ್ದೆವು. ಘಮ ಬದಲಾಯಿತು. ಹೂವು ಹೋಗಿ ಸೊಪ್ಪು ಬೇಯಿಸಿದ ವಾಸನೆ. ಅಂಗಾಲು ಚುರುಕ್ ಅಂತು. ಕಂಬಳಿಯ ಮೇಲಿಂದ ಕೈ ತೆಗೆದೆ. ಇಳಿಜಾರು ಮುಗಿಯುವ ಹೊತ್ತಿಗೆ ಗಾಜಿನ ಮುಂದೆ ಬಿಳಿ ಹೊಗೆ ಎದ್ದಿತು. ನನಗೆ ಇನ್ನೂ ಅರೆನಿದ್ದೆ. ಯಾರೋ ಮಂಗಳಾರತಿಗೆ ಸಾಂಬ್ರಾಣಿ ಹಾಕಿದರೇನೋ ಅಂದುಕೊಂಡೆ.

ಅವರು ಬೆನ್ನಿಗಾನಹಳ್ಳಿಯ ಹತ್ತಿರ ಒಂದು ಮರದ ನೆರಳಿಗೆ ಗಾಡಿ ಸೇರಿಸಿದರು. ಇಂಜಿನ್ ಆರಿಸದೆ ಕೆಳಗಿಳಿದು ಓಡಿದರು. ನಾನೂ ಇಳಿದೆ. ನನ್ನ ಹಾರ ಬೆಂದು ಹೋಗಿತ್ತು. ಚೆಂಡುಹೂವಿನ ಎಸಳುಗಳನ್ನೆಲ್ಲ ಫ್ಯಾನು ಒಳಗೆಳೆದುಕೊಂಡು ರೇಡಿಯೇಟರಿನ ಸಂದುಸಂದಿಗೂ ಮೆತ್ತಿತ್ತು. ಗಾಳಿ ಹೋಗಲು ಕಡ್ಡಿಯಷ್ಟು ಜಾಗವಿರಲಿಲ್ಲ. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ, ನಾನು ಮೂರು ಸುತ್ತು ಕಟ್ಟಿದ್ದೆ.

ತಪ್ಪೆಲ್ಲ ನನ್ನದೇ ಅನ್ನಿಸಿತು. ಆಮೇಲೆ ಇನ್ನೊಂದು ಯೋಚನೆ ಬಂತು. ಬೆಲ್ಲದ ಪಾಕದ ವಾಸನೆ. ಅದನ್ನು ನನಗೆ ಹೇಳಿಕೊಟ್ಟವರೇ ಅವರು. ನಾನು ಪಾಯಸ ಅಂದಾಗಲಾದರೂ ಅವರ ಕಾಲು ಬ್ರೇಕಿನ ಮೇಲೆ ಹೋಗಬೇಕಿತ್ತು.

"ನಿಮಗೆ ಗೊತ್ತಾಗ್ಲಿಲ್ವಾ?"

ಅವರು ಬಾಳೆಕಂದನ್ನು ಪಕ್ಕಕ್ಕೆ ಸರಿಸಿ, ಹಾರದ ನಾರನ್ನು ಚಾಕುವಿನಿಂದ ಕೊಯ್ದರು. ಬಿಸಿ ಹಾರ ನನ್ನ ಸೆರಗಿಗೆ ಬಿತ್ತು. ಪೂಜೆಯ ಹೂವು, ರಸ್ತೆಗೆ ಬಿಸಾಡಿ ತುಳಿಸಲು ಮನಸ್ಸು ಬರಲಿಲ್ಲ. ಅವರು ಪೊರಕೆ ಕಡ್ಡಿಯಿಂದ ಒಂದೊಂದೇ ಎಸಳು ಕೀಳುತ್ತಿದ್ದರು, ನನ್ನ ಕಡೆ ತಿರುಗದೆ.

"ರೀ, ನಿಮ್ಮನ್ನೇ ಕೇಳ್ತಿರೋದು."

"ವಾಸನೆ ಬರಲ್ಲ ಕಣೇ ನಂಗೆ" ಅಂದರು, ರೇಡಿಯೇಟರಿಗೆ ಹೇಳುವ ಹಾಗೆ. "ಆ ಕೆಟ್ಟ ಜ್ವರ ಬಂದು ಮಲಗಿದ್ನಲ್ಲ, ಅವತ್ತಿಂದ. ಎರಡು ವರ್ಷ ಆಯ್ತು. ಬಂದೇ ಬರುತ್ತೆ ಅಂದ್ಕೊಂಡಿದ್ದೆ."

ನಾನು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಎರಡು ವರ್ಷ ಅವರು ಈ ಲಾರಿಯನ್ನು ಹೇಗೆ ಓಡಿಸಿದರು? ಪಕ್ಕದಲ್ಲಿ ಕೂತ ಆಪರೇಟರನ್ನು ಸುಮ್ಮನೆ ಕೇಳಿದ ಹಾಗೆ "ಏನೋ ವಾಸನೆ ಬರ್ತಿದೆ ಅಲ್ವಾ?" ಅಂತ ಆಗಾಗ ಕೇಳುತ್ತಿದ್ದರಂತೆ. ಅದಕ್ಕೇ ಅವತ್ತು ಹೊರಡುವಾಗ ಅನುಮಾನಿಸಿದ್ದು. ಯಜಮಾನರಿಗೆ ಗೊತ್ತಾದರೆ ಲಾರಿ ಬೇರೆಯವರ ಕೈಗೆ ಹೋಗುತ್ತದೆ. ಲಾರಿ ಬಿಟ್ಟರೆ ಅವರಿಗೆ ಬೇರೆ ಹೆಸರಿಲ್ಲ, ಅದು ನನಗೆ ಗೊತ್ತು.

ಆದರೆ ನನಗೆ ಚುಚ್ಚಿದ್ದು ಬೇರೆ. ಮದುವೆಯಾದ ಹೊಸದರಿಂದಲೂ ನಮ್ಮಲ್ಲಿ ಒಂದು ಆಟವಿದೆ. ಸಂಜೆ ಮನೆಗೆ ಬಂದಾಗ ನಾನು ಕೈ ಚಾಚುತ್ತೇನೆ, ಅವರು ಕಣ್ಣು ಮುಚ್ಚಿ ಮೂಸಿ, ಇವತ್ತು ಯಾವ ಹೂವು ಮಾರಿದೆ ಅಂತ ಹೇಳುತ್ತಾರೆ. ಈ ಎರಡು ವರ್ಷದಲ್ಲಿ ಒಂದು ದಿನವೂ ತಪ್ಪು ಹೇಳಿರಲಿಲ್ಲ.

"ಮತ್ತೆ ನನ್ನ ಕೈ?" ಅಂದೆ.

"ಮಧ್ಯಾಹ್ನ ಮಾರ್ಕೆಟ್ ಕಡೆ ಬಂದು, ಎದುರಿನ ಟೀ ಅಂಗಡೀಲಿ ನಿಂತು ನಿನ್ನ ಬುಟ್ಟಿ ನೋಡ್ಕೊಂಡು ಹೋಗ್ತಿದ್ದೆ."

ಒಂದು ಸಂಜೆ ಅವರು ಕನಕಾಂಬರ ಅಂದಿದ್ದರು. ಕನಕಾಂಬರಕ್ಕೆ ವಾಸನೆಯೇ ಇಲ್ಲ. ಹುಟ್ಟಿದಾಗಿನಿಂದ ಹೂವಿನ ಜೊತೆ ಇರುವ ನನಗೆ ಅಷ್ಟೂ ಹೊಳೆದಿರಲಿಲ್ಲ, ಹೆಮ್ಮೆಯಿಂದ ನಕ್ಕಿದ್ದೆ. ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ. ಸಿಟ್ಟಿನ ತಳದಲ್ಲಿ ಅಳು.

ಶಾಖ ಇಳಿಯುವವರೆಗೆ ಕಾದೆವು. ಆಮೇಲೆ ಅವರು ಗೋಣಿಚೀಲ ಮುಚ್ಚಿ ರೇಡಿಯೇಟರಿನ ಮುಚ್ಚಳ ಸಡಿಲಿಸಿ, ಇಂಜಿನ್ ತಿರುಗುತ್ತಿರುವಾಗಲೇ ಸ್ವಲ್ಪಸ್ವಲ್ಪವಾಗಿ ನೀರು ಹಾಕಿದರು. ಮತ್ತೆ ಹೊರಟೆವು. ಬೆಂದ ಹಾರ ನನ್ನ ಮಡಿಲಲ್ಲಿತ್ತು.

"ನಾನು ಹೇಳ್ತೀನಿ, ನೀವು ಓಡಿಸಿ" ಅಂದೆ.

ಹಳೇ ಮದ್ರಾಸ್ ರಸ್ತೆಯಲ್ಲಿ ಸಂಜೆಯ ಬಿಸಿಲು ಎದುರಿಗೆ ಬಂದು ಕೂತಿತ್ತು. ಅವರು ಆಗಾಗ "ಈಗ?" ಅನ್ನುತ್ತಿದ್ದರು. ನಾನು ಮೂಗಿಗೆ ಬಂದದ್ದನ್ನೆಲ್ಲ ಹೇಳುತ್ತಾ ಹೋದೆ. ಒದ್ದೆ ಮಣ್ಣು. ಬೇಕರಿಯ ಬೆಣ್ಣೆ ಬಿಸ್ಕತ್ತು. ಇಂದಿರಾನಗರದ ಕಡೆಯಿಂದ ಹುರಿದ ಕಾಫಿ. ಮೋರಿ. ಯಾರದೋ ಮನೆಯ ಒಗ್ಗರಣೆ. ಅವರು ತಲೆಯಾಡಿಸುತ್ತಿದ್ದರು, ಮುಖ ಸಣ್ಣ ಮಗುವಿನದಾಗಿತ್ತು. ಗಾಡಿಗೆ ಬೇಕಾದದ್ದು ಎರಡೋ ಮೂರೋ ವಾಸನೆ, ನಾನು ಅವರಿಗೆ ಇಡೀ ಊರನ್ನು ಹೇಳುತ್ತಿದ್ದೆ. ಆ ದಾರಿ ಮುಗಿಯದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಈರುಳ್ಳಿ" ಅಂದೆ ಒಂದು ಕಡೆ. "ಕೊಳೆತದ್ದು."

ತಕ್ಷಣ ನಿಲ್ಲಿಸಿ, ಕೆಳಗಿಳಿದು ಗೇರ್ ಬಾಕ್ಸಿನ ಹತ್ತಿರ ಅಂಗೈ ಹಿಡಿದರು. ಅದೂ ಕಾದಿತ್ತು. ಹತ್ತು ನಿಮಿಷ ನಿಂತು, ಅಲ್ಲಿಂದ ಇನ್ನೂ ಒಂದು ಗೇರು ಕೆಳಗೇ ಇಟ್ಟುಕೊಂಡು ಹಲಸೂರು ಸೇರಿದೆವು.

ದಾರಿಯಲ್ಲಿ ನಾನು ತೀರ್ಮಾನಿಸಿದ್ದೆ. ಯಾರಿಗೂ ಹೇಳುವುದಿಲ್ಲ. ತಪ್ಪು ನನ್ನ ಹಾರದ್ದು ಅಂದರೆ ಮುಗಿಯಿತು, ಸುಳ್ಳೂ ಅಲ್ಲ.

ಶೆಡ್ಡಿನಲ್ಲಿ ಯಜಮಾನರು ರೇಡಿಯೇಟರು ನೋಡಿದರು, ನನ್ನ ಮಡಿಲು ನೋಡಿದರು. "ಏನಮ್ಮಾ ಇದು, ಹಾರನಾ ಕಂಬಳಿನಾ? ಇಂಜಿನ್ ಹೋಗಿದ್ರೆ ಯಾರು ಜವಾಬ್ದಾರಿ? ಇನ್ಮೇಲೆ ನನ್ ಗಾಡಿಗೆ ನಿನ್ ಹೂ ಮುಟ್ಟಿಸ್ಬೇಡ."

ಅಷ್ಟು ಜನರ ಎದುರಿಗೆ ನನ್ನ ಹೂವಿಗೆ ಹಾಗೆ ಅಂದದ್ದು ಚಪ್ಪಲಿಯಲ್ಲಿ ಹೊಡೆದಂತಾಯಿತು. ಆದರೂ ಕೈ ಮುಗಿದೆ. "ತಪ್ಪಾಯ್ತಣ್ಣ. ನಂದೇ ತಪ್ಪು."

"ಅವಳದ್ದಲ್ಲ" ಅಂದರು ಇವರು.

ನಾನು ಕಣ್ಣಲ್ಲೇ ಬೇಡ ಅಂದೆ. ಅವರು ನೋಡಿದರು, ನೋಡಿಯೂ ನಿಲ್ಲಿಸಲಿಲ್ಲ.

"ಎಷ್ಟು ವರ್ಷ ಹಾರ ಹಾಕ್ಕೊಂಡು ಓಡ್ಸಿಲ್ಲ ನಾನು? ವಾಸನೆ ಬಂದ ತಕ್ಷಣ ಇಳಿದು ಸರಿಸ್ತಿದ್ದೆ. ಈಗ ನಂಗೆ ಮೂಗಿಲ್ಲ ಅಣ್ಣ. ಎರಡು ವರ್ಷದಿಂದ ಇಲ್ಲ. ಹೂವಿಗೆ ಏನೂ ಅನ್ಬೇಡಿ." ಲಾರಿಯ ಕೀಲಿಯನ್ನು ಯಜಮಾನರ ಮೇಜಿನ ಮೇಲೆ ಇಟ್ಟರು.

ಯಜಮಾನರು ಕೀಲಿ ನೋಡಿದರು, ಇವರ ಮುಖ ನೋಡಿದರು. "ಮೀಟರ್ ಹಾಕ್ಸೋವರೆಗೂ ಗಾಡಿ ಆಚೆ ಹೋಗ್ಬಾರ್ದು" ಅಂದರು.

"ಹಾಕ್ಸಿದ ಮೇಲೆ?" ಕೇಳಿದ್ದು ನಾನು.

"ಹಾಕ್ಸಿದ ಮೇಲೆ ನೋಡೋಣಮ್ಮ."

ಆ ಮಾತು ಹೌದೋ ಅಲ್ಲವೋ ಅಂತ ತಿಳಿಯದೆ ಮನೆಗೆ ನಡೆದೆವು. ಹಾರವನ್ನು ಬೀದಿಯ ಅರಳಿಮರದ ಬುಡಕ್ಕೆ ಹಾಕಿದೆ. ಬಾಗಿಲು ತೆಗೆದು ಒಳಗೆ ಹೋದ ಮೇಲೆ ನಾನು ಕೈ ಚಾಚಲಿಲ್ಲ. ಅವರೇ ನನ್ನ ಎರಡೂ ಕೈ ಹಿಡಿದು, ಕಣ್ಣು ತೆರೆದುಕೊಂಡೇ ಮೂಗಿಗೆ ಒತ್ತಿಕೊಂಡರು.

"ಏನೂ ಬರ್ತಿಲ್ಲ ಕಣೇ" ಅಂದರು.

ನನಗೆ ಅಳು ಒತ್ತರಿಸಿ ಬಂತು. ಆದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.