ಮೂರು ಕ್ಯೂಬು, ಒಂದು ಸಹಿ

ಬೀದರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಸಿವಿಲ್ ವಿಭಾಗದ ಪ್ರಾಧ್ಯಾಪಕನಾಗಿದ್ದೆ. ಕಾಂಕ್ರೀಟ್ ಲ್ಯಾಬಿನ ಉಸ್ತುವಾರಿಯೂ ನನ್ನದೇ. ಈ ಪ್ರಕರಣ ಶುರುವಾದಾಗ ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇತ್ತು. ಮೂವತ್ತು ವರ್ಷ ಪಾಠ ಹೇಳಿದವನ ಹತ್ತಿರ ಹೇಳಿಕೊಳ್ಳಲು ಒಳ್ಳೆಯ ನೆನಪುಗಳು ಬೇಕಾದಷ್ಟಿವೆ. ಅವನ್ನೆಲ್ಲ ಬೀಳ್ಕೊಡುಗೆ ಸಮಾರಂಭದಲ್ಲಿ ಹೇಳಿ ಮುಗಿಸಿದ್ದೇನೆ. ಅಲ್ಲಿ ಬಾಯಿ ಬಿಡದೆ ಉಳಿಸಿಕೊಂಡದ್ದು ಇದೊಂದು.

ಮೊದಲು ಲ್ಯಾಬಿನ ಕೆಲಸ ತಿಳಿಸುತ್ತೇನೆ. ಸರ್ಕಾರಿ ಕಟ್ಟಡಕ್ಕೆ ಸ್ಲ್ಯಾಬ್ ಹಾಕುವಾಗ ಅದೇ ಕಾಂಕ್ರೀಟಿನಿಂದ ಹದಿನೈದು ಸೆಂಟಿಮೀಟರಿನ ಮೂರು ಕ್ಯೂಬುಗಳನ್ನು ಅಚ್ಚು ಹಾಕಿ, ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಮಷೀನಿನಲ್ಲಿ ಒತ್ತಿ ಒಡೆಯಬೇಕು. ಎಷ್ಟು ಭಾರಕ್ಕೆ ಒಡೆಯುತ್ತದೋ ಅದರಿಂದ ಸ್ಲ್ಯಾಬಿನ ಬಲ ಗೊತ್ತಾಗುತ್ತದೆ. ಇದು ಪುಸ್ತಕದ ಮಾತು. ನಡೆಯುತ್ತಿದ್ದದ್ದೇ ಬೇರೆ. ಕಂಟ್ರಾಕ್ಟರುಗಳು ಕ್ಯೂಬಿಗೆಂದೇ ಸಿಮೆಂಟ್ ಧಾರಾಳ ಸುರಿದು ಬೇರೆ ಮಾಲು ಕಲಸಿಸುತ್ತಿದ್ದರು. ಆ ಕ್ಯೂಬುಗಳು ನಮ್ಮ ಮಷೀನಿಗೆ ಜಗ್ಗುತ್ತಲೇ ಇರಲಿಲ್ಲ. ನನಗೆ ಗೊತ್ತಿತ್ತೇ ಅಂದಿರಾ? ಅಯ್ಯೋ, ನಮ್ಮ ಲ್ಯಾಬಿನ ಜವಾನನಿಗೂ ಗೊತ್ತಿತ್ತು! ರಿಪೋರ್ಟಿನ ಕೆಳಗೆ ‘ಮಾದರಿಗೆ ತಂದವರೇ ಜವಾಬ್ದಾರರು’ ಎಂದು ಸಣ್ಣ ಅಕ್ಷರದಲ್ಲಿ ಒಂದು ಸಾಲಿರುತ್ತಿತ್ತು. ಆ ಸಾಲಿನ ಮರೆಯಲ್ಲಿ ಕೂತು ವರ್ಷಗಟ್ಟಲೆ ಸಹಿ ಹಾಕಿದೆ.

ಸಬೀಹಾ ನನ್ನ ವಿದ್ಯಾರ್ಥಿನಿ, ಔರಾದಿನವಳು, ಆಗ ಐದನೇ ಸೆಮಿಸ್ಟರ್. ತಂದೆ ಮೆಹಬೂಬಸಾಬ್ ಗೌಂಡಿ, ಅಂದರೆ ಗಾರೆ ಕೆಲಸದವರು. ಹುಡುಗಿ ಸ್ಟ್ರಕ್ಚರಲ್ ಅನಾಲಿಸಿಸ್ ಪುಸ್ತಕದ ಕೆಳಗೆ ಸಿವಿಲ್ ಕಾನೂನಿನ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು.

“ಏನವ್ವ, ಇಂಜಿನಿಯರ್ ಆಗಾಕಿಯೋ, ವಕೀಲಿ ಮಾಡಾಕಿಯೋ?” ಎಂದು ಒಮ್ಮೆ ಚೇಷ್ಟೆ ಮಾಡಿದೆ.

“ಎರಡೂ ಬೇಕ್ರಿ ಸರ್. ಗೋಡಿ ಬಿರುಕು ಬಿಟ್ಟದ್ದು ಇಂಜಿನಿಯರಗ ಕಾಣ್ತದ. ಅದನ್ನ ಯಾರಿಗಿ ಕೇಳಬೇಕು ಅನ್ನೋದು ವಕೀಲಗ ಗೊತ್ತಿರ್ತದ.”

ಅವಳ ಓಣಿಯ ಸರ್ಕಾರಿ ಸಾಲಿಗೆ, ಅಂದರೆ ಶಾಲೆಗೆ, ಎರಡು ಹೊಸ ಕೋಣೆ ಕಟ್ಟಿದ್ದರು. ಅವಳ ತಂಗಿ ಅಲ್ಲೇ ಮೂರನೇ ತರಗತಿ. ಪ್ರಾಜೆಕ್ಟಿಗೆಂದು ನನ್ನನ್ನು ಕೇಳಿಯೇ ಸಬೀಹಾ ರಿಬೌಂಡ್ ಹ್ಯಾಮರ್ ಒಯ್ದಳು. ಅದು ಕಾಂಕ್ರೀಟಿಗೆ ಬಡಿದು ಬಲ ಅಂದಾಜು ಮಾಡುವ ಸ್ಪ್ರಿಂಗಿನ ಸಾಧನ. ಇಪ್ಪತ್ತು ಬರಬೇಕಾದಲ್ಲಿ ಹತ್ತರ ಆಸುಪಾಸು ಬಂದಿತ್ತು. “ಚಾಕುಲೆ ಗೀರಿದ್ರ ಉಸುಕು ಉದುರ್ತದ್ರಿ ಸರ್” ಎಂದಳು. ಅವಳು ಹೋದ ಮೇಲೆ ನಮ್ಮ ರಿಜಿಸ್ಟರ್ ತೆಗೆದು ನೋಡಿದೆ. ಅದೇ ಸಾಲಿ, ಮೂರು ಕ್ಯೂಬು, ಮೂರೂ ಪಾಸು. ಕೆಳಗೆ ನನ್ನ ಸಹಿ.

ಹ್ಯಾಮರಿನದು ಬರೀ ಅಂದಾಜು, ಖಾತ್ರಿ ಬೇಕಾದರೆ ಸ್ಲ್ಯಾಬಿನಿಂದಲೇ ಕೊರೆದು ತೆಗೆದ ತುಂಡು ಬೇಕು, ಅದಕ್ಕೆ ಕೋರ್ ಅನ್ನುತ್ತಾರೆ ಎಂದು ಅವಳಿಗೆ ನಾನೇ ಹೇಳಿಕೊಟ್ಟೆ. ಕೋರ್ ತೆಗೆಯಲು ಅಧಿಕಾರಿಗಳು ಒಪ್ಪಲಿಲ್ಲ. ಸಬೀಹಾ ಅರ್ಜಿ ಮೇಲೆ ಅರ್ಜಿ ಕೊಟ್ಟಳು. ಕೊನೆಗೆ ಮಕ್ಕಳ ತಾಯಂದಿರನ್ನು ಕಟ್ಟಿಕೊಂಡು ತಹಶೀಲ್ ಕಚೇರಿ ಮುಂದೆ ಮೂರು ದಿನ ಕೂತಳು. ರಸ್ತೆ ತಡೆದರೆಂದು ಪೊಲೀಸರು ಅವಳ ಹೆಸರನ್ನೇ ಮೊದಲು ಬರೆದುಕೊಂಡರು. ಆಮೇಲೆ ಭಾಲ್ಕಿಯ ಒಬ್ಬ ವಕೀಲೆ ಪೋಷಕರ ಪರವಾಗಿ ಸಿವಿಲ್ ದಾವೆ ಹಾಕಿದರು. ಕೇಳಿದ್ದು ಒಂದೇ: ಕೋರ್ ಪರೀಕ್ಷೆ ಆಗುವವರೆಗೆ ಆ ಕೋಣೆಗಳಲ್ಲಿ ಮಕ್ಕಳನ್ನು ಕೂಡಿಸಬಾರದು. ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಮಕ್ಕಳು ಹಳೇ ವರಾಂಡಕ್ಕೆ ಬಂದರು.

ದಾವೆ ಎರಡು ವರ್ಷ ಎಳೆಯಿತು. ಮಳೆಗಾಲದಲ್ಲಿ ವರಾಂಡಕ್ಕೆ ಎರಚಲು ಹೊಡೆಯುತ್ತಿತ್ತು, ಬೇಸಿಗೆಯಲ್ಲಿ ಬಿಸಿಲು. ಜೊತೆಗೆ ಧರಣಿ ಕೂತ ತಾಯಂದಿರೇ ಬೇಸತ್ತು, “ಬಿದ್ದಾಗ ನೋಡೋಣಂತ ಬಿಡವ್ವ” ಎನ್ನತೊಡಗಿದರು. ಅಷ್ಟರಲ್ಲಿ ಸಬೀಹಾ ಡಿಗ್ರಿ ಮುಗಿಸಿದ್ದಳು. ಪೊಲೀಸ್ ಕೇಸಿದ್ದ ಹುಡುಗಿಗೆ ಯಾರೂ ಕೆಲಸ ಕೊಡಲಿಲ್ಲ.

ದಾವೆ ನಿಂತದ್ದು ಇಬ್ಬರ ಸಾಕ್ಷಿಯ ಮೇಲೆ. ಒಬ್ಬ ನಾನು. ಇನ್ನೊಬ್ಬರು ಮೆಹಬೂಬಸಾಬ್. ಅವರು ಮಗಳ ಜೊತೆ ಬೀದರಿನ ಚಿದ್ರಿಯ ನಮ್ಮ ಮನೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತರು.

“ಸಾಹೇಬ್ರ, ಆ ಕ್ಯೂಬಿನ ಮಾಲು ನಾನೇ ಕಲಸೀನ್ರಿ. ಸ್ಲ್ಯಾಬಿಂದು ಬ್ಯಾರೆ, ಅದು ಬ್ಯಾರೆ. ನನ್ನ ಸಣ್ಣ ಮಗಳು ಅದರ ಕೆಳಗ ಕೂಡ್ತಾಳಂತ ಅವತ್ತ ತಲಿಗೆ ಹೊಳೀಲಿಲ್ರಿ. ಖುದಾ ಕಸಂ, ಕೋರ್ಟಿನಾಗ ಹೇಳ್ತೇನಿ. ಆದ್ರ ಗೌಂಡಿ ಮಾತು ಯಾರ್ ನಂಬ್ತಾರ್ರಿ? ಮೊದಲ ನೀವು ಹೇಳ್ರಿ, ನಿಮ್ಮ ಬೆನ್ನಿಗಿ ನಾ ಹೇಳ್ತೇನಿ.”

“ಹೇಳ್ತೇನಿ, ಮೆಹಬೂಬಭಾಯಿ” ಎಂದೆ. ಆ ಹೊತ್ತಿಗೆ ಅದು ಸುಳ್ಳಲ್ಲ.

ಸಮನ್ಸ್ ಬಂದ ದಿನ ಪ್ರಿನ್ಸಿಪಾಲರು ಕರೆದರು. “ಒಂದು ರಿಪೋರ್ಟ್ ಸುಳ್ಳಂದ್ರ ನೀವು ಸಹಿ ಹಾಕಿದ್ದೆಲ್ಲಾ ಸುಳ್ಳಾಗ್ತಾವ. ನಿವೃತ್ತಿ ಹೊತ್ತಿಗಿ ವಿಚಾರಣಿ ಯಾಕ ಮೈಮ್ಯಾಲ ಎಳ್ಕೋತೀರಿ? ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಂಗ ಹೇಳಿ ಬರ್ರಿ.” ಗದರಿಸಲಿಲ್ಲ, ಚಹಾ ಕುಡಿಸಿಯೇ ಹೇಳಿದರು.

ಔರಾದಿನ ಕೋರ್ಟಿನಲ್ಲಿ ಕಟಕಟೆ ಹತ್ತಿದೆ. ಮೆಹಬೂಬಸಾಬ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಹತ್ತಿರ ನಿಂತಿದ್ದರು. ವಕೀಲೆ ರಿಪೋರ್ಟ್ ತೋರಿಸಿದರು, ಸಹಿ ನನ್ನದೇ ಎಂದೆ. ಆಮೇಲೆ ಕೇಳಿದರು: “ಕ್ಯೂಬಿಗಾಗಿಯೇ ಬೇರೆ ಕಾಂಕ್ರೀಟ್ ಕಲಸಿ ತರುವ ರೂಢಿ ಇದೆ ಎಂಬುದು ನಿಮಗೆ ತಿಳಿದಿದೆಯೇ?”

ಹೌದು ಎಂದಿದ್ದರೆ ಸಾಕಿತ್ತು.

“ಅಂತಹ ರೂಢಿ ನನ್ನ ಗಮನಕ್ಕೆ ಬಂದಿರುವುದಿಲ್ಲ” ಎಂದೆ. ಹುಟ್ಟಿದಾಗಿನಿಂದ ಅಷ್ಟು ಶುದ್ಧ ಕನ್ನಡ ಮಾತಾಡಿದವನಲ್ಲ ನಾನು.

ಮುಂದಿನ ಸಾಕ್ಷಿಯನ್ನು ಮೂರು ಸಲ ಕೂಗಿದರು. ಮೆಹಬೂಬಸಾಬ್ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗಿದ್ದರು. ಪ್ರೊಫೆಸರೇ ಇಲ್ಲವೆಂದ ಮೇಲೆ ಗೌಂಡಿ ಯಾವ ಧೈರ್ಯದ ಮೇಲೆ ಹೌದನ್ನಬೇಕು? ಮುಂದೆ ಅವರು ಬರಲೇ ಇಲ್ಲ. ಲ್ಯಾಬಿನ ವರದಿಯನ್ನು ಅಲ್ಲಗಳೆಯುವ ಸಾಕ್ಷ್ಯವಿಲ್ಲವೆಂದು ದಾವೆ ವಜಾ ಆಯಿತು, ಮಕ್ಕಳು ಹೊಸ ಕೋಣೆಗೆ ಹೋದರು.

ನಾನು ಸಾಕ್ಷಿ ಹೇಳಿದ ದಿನವೇ ಕೋರ್ಟಿನ ಹೊರಗೆ ಸಬೀಹಾ ಸಿಕ್ಕಿದ್ದಳು. ಬೈದಿದ್ದರೆ ಹಗುರಾಗುತ್ತಿದ್ದೆ. “ಸರ್, ಕ್ಯೂಬು ಸ್ಲ್ಯಾಬಿನ ಸಾಕ್ಷಿ ಅಂತ ನೀವೇ ಕಲಿಸಿದ್ರಿ” ಎಂದಷ್ಟೇ ಹೇಳಿದಳು. ನಾನು ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಆಮೇಲಾದರೂ ನಿಜ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದೆ, ನಿವೃತ್ತಿಯ ಕಾಗದ ಕೈಗೆ ಬಂದ ಮೇಲೆ. ಹೇಡಿಯ ಪೌರುಷ ಅಂದರೆ ಅದೇ. ನಡೆದದ್ದನ್ನೆಲ್ಲ ವಿವರವಾಗಿ ಬರೆದು ಅಧಿಕಾರಿಗಳಿಗೆ ಕಳಿಸಿದೆ. ಗುಣಮಟ್ಟ ಸರಿಯಾಗಿಯೇ ಇದೆ ಎಂದು ಉತ್ತರ ಬಂತು. ಪುರಾವೆಗೆ ಲ್ಯಾಬ್ ರಿಪೋರ್ಟಿನ ಜೆರಾಕ್ಸ್ ಲಗತ್ತಿಸಿದ್ದರು. ಸಹಿ ನನ್ನದೇ.

ಮೆಹಬೂಬಸಾಬ್ ಈಗ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಸಬೀಹಾ ತಹಶೀಲ್ ಕಚೇರಿ ಮುಂದೆ ಟೇಬಲ್ ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಾಳೆ. ಪ್ರತಿ ವರ್ಷ ಮೊದಲ ದೊಡ್ಡ ಮಳೆಯ ಮರುದಿನ ನಾನು ಬಸ್ಸು ಹತ್ತಿ ಔರಾದಿಗೆ ಹೋಗಿ ಆ ಸಾಲಿಯ ಕಾಂಪೌಂಡಿನ ಹೊರಗೆ ನಿಂತು ನೋಡುತ್ತೇನೆ. ಹೋದ ಸಲ ಟೇಬಲ್ ದಾಟಿ ಬರುವಾಗ ಸಬೀಹಾ ಬರೆಯುತ್ತಲೇ, “ಸ್ಲ್ಯಾಬ್ ಇನ್ನಾ ನಿಂತದ್ರಿ ಸರ್” ಎಂದಳು.

ಮಾದರಿಗೆ ತಂದವನೇ ಜವಾಬ್ದಾರ ಎಂದು ಎಷ್ಟು ಸಣ್ಣ ಅಕ್ಷರದಲ್ಲಿ ಬರೆದುಕೊಂಡರೂ ಹೊರೆ ಸಹಿ ಹಾಕಿದವನದೇ. ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ಕೆಲಸಕ್ಕೆ ಬಾರದ ಹೊತ್ತಿಗೆ. ಆ ಸ್ಲ್ಯಾಬ್ ಬಿದ್ದರೆ ಹುಡುಗಿಯ ಮಾತು ನಿಜವಾಗುತ್ತದೆ. ನಿಂತರೆ ಮಕ್ಕಳು ಉಳಿಯುತ್ತಾರೆ, ಅವಳು ಊರ ಬಾಯಲ್ಲಿ ಸುಳ್ಳುಗಾರ್ತಿಯಾಗಿ ಉಳಿಯುತ್ತಾಳೆ. ಕಾಂಪೌಂಡಿನ ಹೊರಗೆ ಕೈ ಮುಗಿದು, ನಿಲ್ಲಲಿ ಎಂದೇ ಬೇಡಿಕೊಳ್ಳುತ್ತೇನೆ. ಪ್ರತಿ ಸಲವೂ ಅವಳ ವಿರುದ್ಧ ಮತ್ತೊಮ್ಮೆ ಸಾಕ್ಷಿ ಹೇಳಿ ಬಂದ ಹಾಗಾಗುತ್ತದೆ.